‘ದಿ ಫಾಲೋಯಿಂಗ್’ ನಿಜ ಕಥೆಯಾ? ಜೈಲಲ್ಲಿರುವ ಕೊಲೆಗಾರನಿಗೆ ಅಷ್ಟೊಂದು ಹಿಂಬಾಲಕರು ಸಿಗ್ತಾರಾ?

ಪ್ರಶ್ನೆ: ‘ದಿ ಫಾಲೋಯಿಂಗ್’ ಧಾರಾವಾಹಿ ನೋಡಿ ಮುಗಿಸಿದೆ. ಅದರಲ್ಲಿ ಬರೋ ಕೊಲೆಗಾರ ಜೋ ಕ್ಯಾರೊಲ್ ಅನ್ನೋನು ನಿಜವಾಗ್ಲೂ ಇದ್ದನಾ? ಜೈಲಲ್ಲಿ ಕೂತುಕೊಂಡೇ ಹೊರಗಿನವರ ಕೈಲಿ ಕೊಲೆ ಮಾಡಿಸೋಕೆ ಆಗುತ್ತಾ?

ಉತ್ತರ: ಇರಲಿಲ್ಲ. ಜೋ ಕ್ಯಾರೊಲ್ ಪೂರ್ತಿ ಕಟ್ಟುಕಥೆ. ಅವನು ಪಾಠ ಮಾಡುತ್ತಿದ್ದ ವರ್ಜೀನಿಯಾದ ವಿನ್ಸ್ಲೋ ವಿಶ್ವವಿದ್ಯಾಲಯ ಕೂಡ ಕಟ್ಟುಕಥೆಯೇ. ಆದರೆ ಅಮೆರಿಕದ ಇಬ್ಬರು ಅಸಲಿ ಅಪರಾಧಿಗಳನ್ನು ಸೇರಿಸಿ ಹೊಲಿದರೆ ಹೆಚ್ಚು ಕಡಿಮೆ ಇವನೇ ಸಿಗುತ್ತಾನೆ.

ನೋಡದವರಿಗೆ ಎರಡು ಮಾತು. 2013ರ ಜನವರಿಯಲ್ಲಿ ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಶುರುವಾಗಿ 2015ರ ಮೇ ತಿಂಗಳಲ್ಲಿ ಮುಗಿದ ಧಾರಾವಾಹಿ ಇದು. ಮೂರು ಸೀಸನ್, 45 ಕಂತು. ಸೃಷ್ಟಿಸಿದ್ದು ಕೆವಿನ್ ವಿಲಿಯಮ್ಸನ್. ಕ್ಯಾರೊಲ್ ಸಾಹಿತ್ಯದ ಮೇಷ್ಟ್ರು, 14 ವಿದ್ಯಾರ್ಥಿನಿಯರನ್ನು ಕೊಂದವನು. ಅವನನ್ನು ಹಿಡಿದ ಎಫ್‌ಬಿಐನ ರಯಾನ್ ಹಾರ್ಡಿ ಎದೆಗೆ ಚೂರಿ ಬಿದ್ದು, ಪೇಸ್‌ಮೇಕರ್ ಹಾಕಿಸಿಕೊಂಡು, ಕೆಲಸ ಬಿಟ್ಟು ಕುಡಿಯುತ್ತಾ ಕೂತಿದ್ದಾನೆ. ಕ್ಯಾರೊಲ್ ಜೈಲಿನಿಂದ ಪರಾರಿಯಾದಾಗ ಅವನನ್ನೇ ಮತ್ತೆ ಕರೆಸುತ್ತಾರೆ. ಹೋಗಿ ನೋಡಿದರೆ ಕ್ಯಾರೊಲ್ ಹಿಂದೆ ಒಂದು ದಂಡೇ ಇದೆ.

ಈಗ ಅಸಲಿ ಆ ಇಬ್ಬರು. ಮೊದಲನೆಯವನು ಸರಣಿ ಕೊಲೆಗಾರ ಟೆಡ್ ಬಂಡಿ. ನೋಡೋಕೆ ಚೆನ್ನಾಗಿದ್ದ, ಓದಿಕೊಂಡಿದ್ದ, ಮಾತುಗಾರ. ಬಲಿಯಾದವರಲ್ಲಿ ತುಂಬ ಜನ ಕಾಲೇಜು ಹುಡುಗಿಯರು. 1977ರಲ್ಲಿ ಕೊಲರಾಡೋದಲ್ಲಿ ಎರಡು ಸಲ ತಪ್ಪಿಸಿಕೊಂಡ. ಒಮ್ಮೆ ಕೋರ್ಟಿನ ಲೈಬ್ರರಿ ಕಿಟಕಿಯಿಂದ ಹಾರಿ, ಇನ್ನೊಮ್ಮೆ ಜೈಲು ಕೋಣೆಯ ಚಾವಣಿಯಲ್ಲಿ ತೂತು ಮಾಡಿಕೊಂಡು. ಎರಡನೇ ಸಲ ಫ್ಲೋರಿಡಾಕ್ಕೆ ಹೋಗಿ, 1978ರ ಜನವರಿಯಲ್ಲಿ ವಿದ್ಯಾರ್ಥಿನಿಯರ ವಸತಿಗೃಹಕ್ಕೆ ನುಗ್ಗಿ ಇಬ್ಬರನ್ನು ಕೊಂದ. ವಿಚಾರಣೆ ನೋಡೋಕೆ ಹರೆಯದ ಹುಡುಗಿಯರು ಬಂದು ಕೂರುತ್ತಿದ್ದರು. 1980ರ ವಿಚಾರಣೆಯಲ್ಲಂತೂ ಹಳೆಯ ಸಹೋದ್ಯೋಗಿಯೊಬ್ಬಳು ಸಾಕ್ಷಿ ಹೇಳಲು ಬಂದಾಗ ಅಲ್ಲೇ, ನ್ಯಾಯಾಧೀಶರ ಎದುರಿಗೇ ಅವಳನ್ನು ಮದುವೆಯಾದ! ಅಷ್ಟೆಲ್ಲ ಆದರೂ ಇವನಿಗೋಸ್ಕರ ಯಾರೂ ಚೂರಿ ಹಿಡಿಯಲಿಲ್ಲ. ಬಂಡಿಗೆ ಇದ್ದವರು ಅಭಿಮಾನಿಗಳು, ಅಷ್ಟೇ. ಪತ್ರ ಬರೆಯುವವರು, ಫೋಟೋ ಇಟ್ಟುಕೊಳ್ಳುವವರು.

ಚೂರಿ ಹಿಡಿದವರು ಚಾರ್ಲ್ಸ್ ಮ್ಯಾನ್ಸನ್ ಕಡೆಯವರು. 1967ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವನು, ಮನೆ ಬಿಟ್ಟು ಅಲೆಯುತ್ತಿದ್ದ ಹುಡುಗ ಹುಡುಗಿಯರನ್ನು ಗುಡ್ಡೆ ಹಾಕಿಕೊಂಡ. ಆಮೇಲೆ ಲಾಸ್ ಏಂಜಲೀಸ್ ಪಕ್ಕ ಹಳೇ ಕೌಬಾಯ್ ಸಿನಿಮಾಗಳ ಸೆಟ್ ಇದ್ದ ಒಂದು ರಾಂಚ್‌ನಲ್ಲಿ ಎಲ್ಲರೂ ಒಟ್ಟಿಗೆ ಇದ್ದರು. ಮಾಲೀಕನಿಗೆ ವಯಸ್ಸಾಗಿತ್ತು, ಕಣ್ಣು ಕಾಣುತ್ತಿರಲಿಲ್ಲ. 1969ರ ಆಗಸ್ಟ್‌ನಲ್ಲಿ ಎರಡು ರಾತ್ರಿಗಳಲ್ಲಿ ಏಳು ಕೊಲೆಗಳಾದವು. ಮೊದಲ ರಾತ್ರಿ ಮ್ಯಾನ್ಸನ್ ಅಲ್ಲಿರಲೇ ಇಲ್ಲ. ಎರಡನೇ ರಾತ್ರಿ ಮನೆಯವರ ಕೈಕಟ್ಟಿ ಹಾಕಿ ಹೊರಟುಹೋದ, ಮಿಕ್ಕದ್ದನ್ನು ಶಿಷ್ಯರು ಮಾಡಿದರು. ವಿಚಾರಣೆ ನಡೆಯುವಾಗ ಅವನು ಹಣೆ ಮೇಲೆ ‘X’ ಗುರುತು ಕೆತ್ತಿಕೊಂಡ. ಕೋರ್ಟಿನ ಹೊರಗೆ ಫುಟ್‌ಪಾತ್ ಮೇಲೆ ಕೂತಿದ್ದ ಹುಡುಗಿಯರೂ ಹಾಗೇ ಕೆತ್ತಿಕೊಂಡರು. ಅವನ ಮೇಲಿನ ತೀರ್ಪು ಬಂದಮೇಲೆ ತಲೆಯನ್ನೂ ಬೋಳಿಸಿಕೊಂಡರು.

ಧಾರಾವಾಹಿ ಇಲ್ಲೇ ಕ್ರಮವನ್ನು ತಿರುಗಾಮುರುಗಾ ಮಾಡಿದೆ. ಮ್ಯಾನ್ಸನ್ ಮೊದಲು ಜನರನ್ನು ಕೂಡಿಸಿದ, ಜೊತೆಗೇ ಇಟ್ಟುಕೊಂಡ, ಕೊಲೆ ಆಮೇಲೆ ಬಂತು. ಕ್ಯಾರೊಲ್ ಒಬ್ಬನೇ ಕೊಲೆ ಮಾಡಿ, ಸಿಕ್ಕಿಬಿದ್ದು, ಜೈಲಿಗೆ ಬಂದವರನ್ನೂ ಕಾವಲುಗಾರನನ್ನೂ ಒಲಿಸಿಕೊಂಡು ದಂಡು ಬೆಳೆಸುತ್ತಾನೆ. ಪತ್ರ ಬರೆಯೋ ಅಭಿಮಾನಿಯನ್ನು ಪತ್ರದಲ್ಲೇ ಕೊಲೆಗಾರನನ್ನಾಗಿ ಮಾಡೋದು ಅಷ್ಟು ಸಲೀಸಲ್ಲ. ಮನೆ, ಊಟ, ನಿದ್ದೆ, ಮಾದಕ ವಸ್ತು, ಎಲ್ಲ ಒಬ್ಬನ ಕೈಯಲ್ಲೇ ಇರಬೇಕು, ಅದೂ ತಿಂಗಳುಗಟ್ಟಲೆ.

ಹಾಗಂತ ಜೈಲಿನ ಗೋಡೆ ಭದ್ರ ಅಂತಲ್ಲ. 2009ರಲ್ಲಿ ಮ್ಯಾನ್ಸನ್ ಹಾಸಿಗೆ ಕೆಳಗೆ ಮೊಬೈಲ್ ಸಿಕ್ಕಿತು. 2011ರಲ್ಲಿ ಇನ್ನೊಂದು ಸಿಕ್ಕಿತು. ಕ್ಯಾರೊಲ್ ಕಥೆಗೆ ತೀರಾ ಹತ್ತಿರ ಬರುವವಳು ಮಾತ್ರ ಮ್ಯಾನ್ಸನ್‌ನ ಶಿಷ್ಯೆ ಲಿನೆಟ್ ಫ್ರಾಮ್. ಮ್ಯಾನ್ಸನ್ ಒಳಗೆ ಹೋಗಿ ವರ್ಷಗಳಾದ ಮೇಲೆ, 1975ರ ಸೆಪ್ಟೆಂಬರ್‌ನಲ್ಲಿ, ಸ್ಯಾಕ್ರಮೆಂಟೋದಲ್ಲಿ ಅಧ್ಯಕ್ಷ ಫೋರ್ಡ್ ಅವರ ಮೇಲೆ ಪಿಸ್ತೂಲು ಹಿಡಿದಳು. ಗುಂಡು ಹಾರಲಿಲ್ಲ. 1987ರ ಡಿಸೆಂಬರ್‌ನಲ್ಲಿ ಮ್ಯಾನ್ಸನ್‌ಗೆ ಕ್ಯಾನ್ಸರ್ ಅಂತ ಸುದ್ದಿ ಕೇಳಿ ವೆಸ್ಟ್ ವರ್ಜೀನಿಯಾದ ಜೈಲಿನಿಂದ ಓಡಿದಳು. ಎರಡು ದಿನಕ್ಕೆ ಸಿಕ್ಕಿಬಿದ್ದಳು. ಅಂಥ ನಿಷ್ಠೆ ಒಬ್ಬಿಬ್ಬರಲ್ಲಿ ಇರಬಹುದು. ಧಾರಾವಾಹಿಯಲ್ಲಿ ಹಾಗಲ್ಲ, ಪೊಲೀಸರ ನಡುವೆ ಶಿಷ್ಯ, ಪಕ್ಕದ ಮನೆಯಲ್ಲಿ ಶಿಷ್ಯ, ತಿರುಗಿದ ಕಡೆಯೆಲ್ಲ ಶಿಷ್ಯ. ಹತ್ತನೇ ಕಂತಿನ ಹೊತ್ತಿಗೆ ಹೊಸಬರು ಯಾರೇ ಬಂದರೂ ಇವನೂ ಅವನ ಕಡೆಯವನೇ ಅಂತ ನಮಗೇ ಗೊತ್ತಾಗಿಬಿಡುತ್ತೆ, ಅಲ್ವಾ?

ಧಾರಾವಾಹಿಯಲ್ಲಿ ಕ್ಯಾರೊಲ್ ಆರಾಧಿಸುವ ಅಮೆರಿಕನ್ ಲೇಖಕ ಎಡ್ಗರ್ ಆಲನ್ ಪೋ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸುಂದರಿಯ ಸಾವೇ ಅತ್ಯಂತ ಕಾವ್ಯಮಯ ವಸ್ತು ಅಂತ ಪೋ 1846ರ ಒಂದು ಪ್ರಬಂಧದಲ್ಲಿ ಹೇಳಿದ್ದು ನಿಜ. ಆದರೆ ಅಲ್ಲಿ ಅವನು ಮಾತಾಡುತ್ತಿದ್ದದ್ದು ಪದ್ಯ ಕಟ್ಟುವ ಬಗೆ. ಕ್ಯಾರೊಲ್‌ನ ಸೋತ ಕಾದಂಬರಿಗೆ ಪ್ರೇರಣೆಯಾದ ದೀಪಸ್ತಂಭದ ಕಥೆಯೂ ಪೋ ಬರೆದದ್ದೇ. 1849ರಲ್ಲಿ ಅವನು ತೀರಿಕೊಂಡಾಗ ಅದು ಅರ್ಧಕ್ಕೇ ನಿಂತಿತ್ತು. ಇದೆಲ್ಲ ಧಾರಾವಾಹಿಗೆ ಮುಖವಾಡ, ಗೋಡೆ ಬರಹ, ಭಯದ ವಾತಾವರಣ ಒದಗಿಸುತ್ತೆ. ಕವಿತೆ ಓದಿ ಯಾರೂ ಕೊಲೆಗೆ ಇಳಿಯಲ್ಲ.

ನನಗೆ ನಂಬಿಕೆ ಬಂದದ್ದು ಎಮ್ಮಾ ಪಾತ್ರದಲ್ಲಿ. ಕ್ಯಾರೊಲ್ ಮಗನನ್ನು ನೋಡಿಕೊಳ್ಳೋ ಆಯಾ ಆಗಿ, ಬೇರೆ ಹೆಸರಲ್ಲಿ, ಆ ಮನೆಯವಳೇ ಆಗಿಬಿಟ್ಟಿರುತ್ತಾಳೆ. ಹಿಂದಿನ ಕಥೆ ನೋಡಿದರೆ ಮನೆಯಲ್ಲಿ ತಾಯಿಯ ಹೀಯಾಳಿಕೆ ಬಿಟ್ಟರೆ ಅವಳಿಗೆ ಬೇರೇನೂ ಸಿಕ್ಕಿಲ್ಲ. ಅವಳ ಮಾತಿಗೆ ಕಿವಿಗೊಟ್ಟವನು ಕ್ಯಾರೊಲ್. ಮ್ಯಾನ್ಸನ್ ಹಿಂದೆ ಹೋದ ಹುಡುಗಿಯರಲ್ಲಿ ಹಲವರ ಕಥೆ ಇದಕ್ಕಿಂತ ತುಂಬ ಬೇರೆಯಲ್ಲ.

ಇನ್ನೂ ನೋಡದವರು ಮೊದಲ ಸೀಸನ್‌ನ 15 ಕಂತು ನೋಡಿ ನಿಲ್ಲಿಸಿದರೂ ನಷ್ಟವಿಲ್ಲ. ಮುಂದುವರಿಸೋದಾದರೆ ಸ್ಯಾಮ್ ಅಂಡರ್‌ವುಡ್‌ಗೋಸ್ಕರ ಮುಂದುವರಿಸಿ. ಎರಡನೇ ಸೀಸನ್‌ನಲ್ಲಿ ಬರುವ ಅವಳಿ ಸೋದರರಿಬ್ಬರೂ ಅವನೇ.