ಆರ್ಸೆನಲ್ ದಾಖಲೆಗಳ ಹಿನ್ನೆಲೆ: ಅಂಕಿಗಳನ್ನು ಎಣಿಸಿದ ಬಗೆ

ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್‌ನ ಅತಿ ದೊಡ್ಡ ಲೀಗ್ ಗೆಲುವು ಮತ್ತು ಅತಿ ದೊಡ್ಡ ಲೀಗ್ ಸೋಲು ಎರಡೂ ಒಂದೇ ಎದುರಾಳಿಯ ಹೆಸರಿನಲ್ಲಿವೆ. 1896ರ ಡಿಸೆಂಬರ್ 12ರಂದು ಲಫ್‌ಬರೊ ತಂಡವು ಆರ್ಸೆನಲ್ ಅನ್ನು 8–0ರಿಂದ ಸೋಲಿಸಿತ್ತು. 1900ರ ಮಾರ್ಚ್ 12ರಂದು ಅದೇ ತಂಡದ ವಿರುದ್ಧ ಆರ್ಸೆನಲ್ 12–0ರಿಂದ ಗೆದ್ದಿತು. ಮೇಲ್ನೋಟಕ್ಕೆ ಇದು ಸೇಡಿನ ಕಥೆಯಂತೆ ಕಂಡರೂ, ಎರಡನೆಯ ಪಂದ್ಯದ ಹೊತ್ತಿಗೆ ಲಫ್‌ಬರೊ ಮುಳುಗುತ್ತಿದ್ದ ಕ್ಲಬ್ ಆಗಿತ್ತು. ಆ ಋತುವಿನಲ್ಲಿ ಎರಡನೇ ದರ್ಜೆಯ ಕೊನೆಯ ಸ್ಥಾನಕ್ಕೆ ಕುಸಿದ ಅದು ಲೀಗ್‌ನಿಂದ ಹೊರಬಿದ್ದು, ಅದೇ ವರ್ಷ ಮುಚ್ಚಿಹೋಯಿತು. ಆದ್ದರಿಂದಲೇ, ಕ್ಲಬ್ಬೊಂದರ ದಾಖಲೆಗಳನ್ನು ಓದುವಾಗ ಅಂಕಿಯಷ್ಟೇ ಸಾಲದು, ಯಾವ ಸಂದರ್ಭದಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಲಾಯಿತು ಎಂಬುದನ್ನೂ ಜೊತೆಗಿಟ್ಟುಕೊಳ್ಳಬೇಕು ಎಂದು ನಾನು ನಂಬಿದ್ದೇನೆ.

1886ರಲ್ಲಿ ವುಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಕಾರ್ಮಿಕರು ಕಟ್ಟಿದ ಈ ತಂಡವು 1891ರಲ್ಲಿ ವೃತ್ತಿಪರವಾಯಿತು. 1893ರಲ್ಲಿ ಫುಟ್‌ಬಾಲ್ ಲೀಗ್‌ಗೆ ಸೇರಿದಾಗ, ದಕ್ಷಿಣ ಇಂಗ್ಲೆಂಡಿನಿಂದ ಅಲ್ಲಿಗೆ ಪ್ರವೇಶ ಪಡೆದ ಮೊದಲ ಕ್ಲಬ್ ಎನಿಸಿತು. ಅದು ಮೊದಲ ದರ್ಜೆಯಿಂದ ಕೆಳಗಿಳಿದದ್ದು ಒಮ್ಮೆ ಮಾತ್ರ: 1912–13ರಲ್ಲಿ 38 ಪಂದ್ಯಗಳ ಪೈಕಿ ಕೇವಲ ಮೂರನ್ನು ಗೆದ್ದು ಕೊನೆಯ ಸ್ಥಾನಕ್ಕೆ ಬಿದ್ದಾಗ. ಅದೇ ವರ್ಷ ಕ್ಲಬ್ ಥೇಮ್ಸ್ ನದಿಯ ದಕ್ಷಿಣದ ನೆಲೆಯನ್ನು ಬಿಟ್ಟು ಉತ್ತರ ಲಂಡನ್ನಿನ ಹೈಬರಿಗೆ ಬಂತು.

1919ರಿಂದ ಈಚೆಗೆ ಆರ್ಸೆನಲ್ ಅತ್ಯುನ್ನತ ದರ್ಜೆಯನ್ನು ಬಿಟ್ಟಿಲ್ಲ. ಇಂಗ್ಲೆಂಡಿನಲ್ಲಿ ಬೇರಾವ ಕ್ಲಬ್ಬೂ ಇಷ್ಟು ದೀರ್ಘಕಾಲ ಸತತವಾಗಿ ಅಲ್ಲಿ ಉಳಿದಿಲ್ಲ. ಆದರೆ ಈ ದಾಖಲೆಯ ಮೊದಲ ಮೆಟ್ಟಿಲೇ ವಿವಾದದ್ದು. ಮೊದಲ ಮಹಾಯುದ್ಧದಿಂದ ನಿಂತಿದ್ದ ಲೀಗ್ ಮತ್ತೆ ಶುರುವಾಗುವಾಗ ಮೊದಲ ದರ್ಜೆಯ ತಂಡಗಳ ಸಂಖ್ಯೆಯನ್ನು 20ರಿಂದ 22ಕ್ಕೆ ಏರಿಸಲಾಯಿತು. ಯುದ್ಧಕ್ಕೆ ಮುಂಚಿನ ಕೊನೆಯ ಋತುವಿನಲ್ಲಿ ಆರ್ಸೆನಲ್ ಎರಡನೇ ದರ್ಜೆಯಲ್ಲಿ, ಆಗಿನ ಪಟ್ಟಿಯ ಪ್ರಕಾರ, ಆರನೇ ಸ್ಥಾನದಲ್ಲಿತ್ತು. ನೆರೆಯ ಟಾಟನ್‌ಹ್ಯಾಮ್ ಮೊದಲ ದರ್ಜೆಯಲ್ಲಿ ಕೊನೆಯದಾಗಿತ್ತು. ಒಂದು ಸ್ಥಾನವನ್ನು ಮತದಾನದಿಂದ ತುಂಬಿದಾಗ ಆರ್ಸೆನಲ್‌ಗೆ 18 ಮತ, ಟಾಟನ್‌ಹ್ಯಾಮ್‌ಗೆ 8 ಮತ ಬಿದ್ದವು. ಆರ್ಸೆನಲ್ ಲೀಗ್‌ನಲ್ಲಿ ಹೆಚ್ಚು ವರ್ಷ ಇದ್ದ ಕ್ಲಬ್ ಎಂಬ ವಾದ ಮುಂದಿಡಲಾಗಿತ್ತಾದರೂ, ಕ್ಲಬ್‌ನ ಆಗಿನ ಅಧ್ಯಕ್ಷ ಹೆನ್ರಿ ನಾರಿಸ್ ತೆರೆಮರೆಯಲ್ಲಿ ಪ್ರಭಾವ ಬೀರಿದರೆಂಬ ಆರೋಪ ಇಂದಿಗೂ ಕೇಳಿಬರುತ್ತದೆ. ಎರಡು ಕ್ಲಬ್‌ಗಳ ನಡುವಿನ ಹಗೆತನ ಈ ಮತದಾನದಿಂದ ಇನ್ನಷ್ಟು ಬಲಿಯಿತು. ನನ್ನ ದೃಷ್ಟಿಯಲ್ಲಿ, ಒಳಬಂದ ದಾರಿ ಪ್ರಶ್ನಾರ್ಹವಾದರೂ ಒಳಗೆ ಉಳಿದದ್ದು ಆಟದ ಬಲದಿಂದಲೇ. 1925ರಲ್ಲಿ ಹರ್ಬರ್ಟ್ ಚಾಪ್‌ಮನ್ ವ್ಯವಸ್ಥಾಪಕರಾಗಿ ಬಂದ ಮೇಲೆ, 1930ರಲ್ಲಿ ಕ್ಲಬ್‌ನ ಮೊದಲ ಎಫ್‌ಎ ಕಪ್ (ಲೀಗ್‌ನಿಂದ ಬೇರೆಯಾದ ಇಂಗ್ಲೆಂಡಿನ ನಾಕೌಟ್ ಟೂರ್ನಿ), ಮರುವರ್ಷ ಮೊದಲ ಲೀಗ್ ಪ್ರಶಸ್ತಿ ಬಂದವು. ಆ ದಶಕದಲ್ಲೇ ಲೀಗ್ ಐದು ಬಾರಿ ಕೈಸೇರಿತು.

ಪ್ರೇಕ್ಷಕರ ದಾಖಲೆಯೂ ಆ ದಶಕದ್ದೇ, ಆದರೆ ಅಲ್ಲಿಯೂ ಉತ್ತರ ಎರಡು. 1935ರ ಮಾರ್ಚ್ 9ರಂದು ಸಂಡರ್ಲೆಂಡ್ ವಿರುದ್ಧದ ಗೋಲಿಲ್ಲದ ಡ್ರಾಕ್ಕೆ ಹೈಬರಿಯಲ್ಲಿ 73,295 ಜನ ಸೇರಿದ್ದರು. 1998ರ ನವೆಂಬರ್ 25ರಂದು ಫ್ರಾನ್ಸಿನ ಲಾನ್ಸ್ ವಿರುದ್ಧದ ತವರಿನ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ 73,707 ಜನ ಬಂದರು. ಆದರೆ ಅದು ನಡೆದದ್ದು ಕ್ಲಬ್‌ನ ಸ್ವಂತ ಅಂಗಳದಲ್ಲಲ್ಲ, ಇಂಗ್ಲೆಂಡಿನ ರಾಷ್ಟ್ರೀಯ ಕ್ರೀಡಾಂಗಣ ವೆಂಬ್ಲಿಯಲ್ಲಿ. 2006ರಲ್ಲಿ ಕ್ಲಬ್ ಪ್ರವೇಶಿಸಿದ ಎಮಿರೇಟ್ಸ್ ಕ್ರೀಡಾಂಗಣದಲ್ಲಿ ಸುಮಾರು 60,000 ಆಸನಗಳಷ್ಟೇ ಇರುವುದರಿಂದ, ಅಲ್ಲಿ ಈ ಎರಡರಲ್ಲಿ ಯಾವುದನ್ನೂ ಮುರಿಯಲಾಗದು.

ಗೋಲುಗಳ ಪಟ್ಟಿ ಇನ್ನೂ ಸೂಕ್ಷ್ಮವಾದದ್ದು. ಎಡಬದಿಯ ಆಟಗಾರ ಕ್ಲಿಫ್ ಬ್ಯಾಸ್ಟಿನ್ ಹೊಡೆದ 178 ಗೋಲುಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಚಲವಾಗಿದ್ದವು. ಎರಡನೇ ಮಹಾಯುದ್ಧದ ಕಾಲದ ಪಂದ್ಯಗಳು ಅಧಿಕೃತ ಲೆಕ್ಕಕ್ಕೆ ಸೇರದ ಕಾರಣ, ಆ ವರ್ಷಗಳಲ್ಲಿ ಅವರು ಆಡಿದ್ದು ಈ ಮೊತ್ತದಲ್ಲಿ ಕಾಣುವುದಿಲ್ಲ. 1997ರ ಸೆಪ್ಟೆಂಬರ್ 13ರಂದು ಬೋಲ್ಟನ್ ವಿರುದ್ಧ ಇಯಾನ್ ರೈಟ್ ತಮ್ಮ 178ನೇ ಗೋಲು ಬಾರಿಸಿ, ಸಂಭ್ರಮದಲ್ಲಿ ಅಂಗಿಯನ್ನು ಮೇಲೆತ್ತಿದರು. ಒಳಗಿನ ಬನಿಯನ್ ಮೇಲೆ ‘179’ ಎಂದು ಬರೆದಿತ್ತು. ದಾಖಲೆ ಆಗ ಸರಿಗಟ್ಟಿತ್ತೇ ಹೊರತು ಮುರಿದಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ಇನ್ನೊಂದು ಗೋಲು ಬಂದು ಆ ಬರಹ ನಿಜವಾಯಿತು. ರೈಟ್ 185ಕ್ಕೆ ನಿಂತರು. 2005ರ ಅಕ್ಟೋಬರ್ 18ರಂದು ಪ್ರಾಗ್‌ನಲ್ಲಿ, ಗಾಯದಿಂದ ಚೇತರಿಸಿಕೊಂಡು ಬದಲಿ ಆಟಗಾರನಾಗಿ ಇಳಿದ ಥಿಯರಿ ಆನ್ರಿ ಎರಡು ಗೋಲು ಹೊಡೆದು ಅವರನ್ನು ದಾಟಿದರು. 2012ರಲ್ಲಿ ಆನ್ರಿ ಅಲ್ಪಾವಧಿಗೆ ಮರಳಿದಾಗ, ಬ್ಲ್ಯಾಕ್‌ಬರ್ನ್ ವಿರುದ್ಧದ 7–1 ಗೆಲುವಿನಲ್ಲಿ ಮೊದಲು ಅವರ ಹೆಸರಿಗೆ ಬರೆದ ಗೋಲನ್ನು ಆಮೇಲೆ ಎದುರಾಳಿಯ ಸ್ವಯಂ ಗೋಲು ಎಂದು ತಿದ್ದಲಾಯಿತು. ಹಾಗಾಗಿ ಅವರ ಒಟ್ಟು ಗಳಿಕೆ 229 ಅಲ್ಲ, 228.

ಇನ್ನು ಅಜೇಯ ಓಟದ ವಿಷಯ. 2002ರ ಸೆಪ್ಟೆಂಬರ್‌ನಲ್ಲಿ ವ್ಯವಸ್ಥಾಪಕ ಆರ್ಸೆನ್ ವೆಂಗರ್, ಇಡೀ ಋತುವನ್ನು ಸೋಲಿಲ್ಲದೆ ಮುಗಿಸಲು ಸಾಧ್ಯ ಎಂದಾಗ ಹಲವರು ಅಪಹಾಸ್ಯ ಮಾಡಿದರು. ಮರುತಿಂಗಳೇ ಎವರ್ಟನ್‌ನ 16 ವರ್ಷದ ವೇಯ್ನ್ ರೂನಿ ಕೊನೆ ಗಳಿಗೆಯಲ್ಲಿ ಗೋಲು ಹೊಡೆದು ಆರ್ಸೆನಲ್‌ನ 30 ಪಂದ್ಯಗಳ ಅಜೇಯ ಸರಣಿಯನ್ನು ಮುರಿದರು; ಆ ವರ್ಷದ ಲೀಗ್ ಪ್ರಶಸ್ತಿಯೂ ಮ್ಯಾಂಚೆಸ್ಟರ್ ಯುನೈಟೆಡ್ ಪಾಲಾಯಿತು. ವೆಂಗರ್ ಹೇಳಿದ್ದು ಒಂದು ವರ್ಷ ತಡವಾಗಿ, 2003–04ರಲ್ಲಿ, ನಿಜವಾಯಿತು: 38 ಪಂದ್ಯ, 26 ಗೆಲುವು, 12 ಡ್ರಾ.

ಆ ಋತು ಸಲೀಸಾಗಿತ್ತು ಎಂದುಕೊಂಡರೆ ತಪ್ಪಾಗುತ್ತದೆ. 2004ರ ಏಪ್ರಿಲ್‌ನ ಮೊದಲ ವಾರದಲ್ಲಿ ತಂಡವು ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಚೆಲ್ಸಿಗೆ ಸೋತು ಎರಡೂ ಟೂರ್ನಿಗಳಿಂದ ಹೊರಬಿತ್ತು. ಚೆಲ್ಸಿಗೆ ಸೋತ ಮೂರೇ ದಿನಕ್ಕೆ, ಏಪ್ರಿಲ್ 9ರಂದು, ಲಿವರ್‌ಪೂಲ್ ಹೈಬರಿಗೆ ಬಂದು ವಿರಾಮದ ವೇಳೆಗೆ 2–1ರಿಂದ ಮುಂದಿತ್ತು. ದ್ವಿತೀಯಾರ್ಧದಲ್ಲಿ ಪಿರೆಸ್ ಸಮಬಲ ತಂದರು. ಮರುಕ್ಷಣದಲ್ಲೇ ಎಂಬಂತೆ ಆನ್ರಿ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ತಪ್ಪಿಸುತ್ತ ನುಗ್ಗಿ ಮೂರನೆಯದನ್ನು ಹೊಡೆದು, ಬಳಿಕ ಹ್ಯಾಟ್ರಿಕ್ಕನ್ನೂ ಪೂರೈಸಿದರು. ಪಂದ್ಯ 4–2ಕ್ಕೆ ಮುಗಿಯಿತು. ಆ ದಾಖಲೆ ಉಳಿದದ್ದು ಆ 45 ನಿಮಿಷಗಳಲ್ಲಿ ಎಂದೇ ನನಗೆ ಅನಿಸುತ್ತದೆ.

ಇಡೀ ಲೀಗ್ ಋತುವನ್ನು ಸೋಲದೆ ಮುಗಿಸಿದ ಮೊದಲ ತಂಡ ಆರ್ಸೆನಲ್ ಅಲ್ಲ. ಲೀಗ್ ಆರಂಭವಾದ 1888–89ರಲ್ಲೇ ಪ್ರೆಸ್ಟನ್ ನಾರ್ತ್ ಎಂಡ್ ಇದನ್ನು ಸಾಧಿಸಿತ್ತು, ಆದರೆ ಆಗ ಇದ್ದದ್ದು 22 ಪಂದ್ಯ. ಋತುಗಳ ಗಡಿ ದಾಟುವ ಸರಣಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ 1977–78ರಲ್ಲಿ ಕಟ್ಟಿದ 42 ಪಂದ್ಯಗಳ ದಾಖಲೆಯನ್ನು ಆರ್ಸೆನಲ್ 2004ರ ಆಗಸ್ಟ್ 25ರಂದು ದಾಟಿತು. 2003ರ ಮೇ 7ರಂದು ಸೌತಾಂಪ್ಟನ್ ವಿರುದ್ಧ ಶುರುವಾದ ಓಟವು 49 ಲೀಗ್ ಪಂದ್ಯಗಳಿಗೆ ಬೆಳೆಯಿತು: 36 ಗೆಲುವು, 13 ಡ್ರಾ. ಈ ನಡುವಿನ ಕಪ್ ಸೋಲುಗಳು ಲೆಕ್ಕಕ್ಕಿಲ್ಲ. 2004ರ ಅಕ್ಟೋಬರ್ 24ರಂದು ಓಲ್ಡ್ ಟ್ರ್ಯಾಫರ್ಡ್‌ನಲ್ಲಿ, ಇಂದಿಗೂ ಚರ್ಚೆಯಲ್ಲಿರುವ ಪೆನಾಲ್ಟಿಯೊಂದರಿಂದ ಮ್ಯಾಂಚೆಸ್ಟರ್ ಯುನೈಟೆಡ್ ಮುನ್ನಡೆ ಪಡೆದು 2–0ರಿಂದ ಗೆದ್ದಾಗ ಅದು ನಿಂತಿತು.

ಪುರುಷರ ತಂಡದ ಈ ಅಂಕಿಗಳನ್ನಷ್ಟೇ ಕ್ಲಬ್‌ನ ಇತಿಹಾಸವೆಂದು ಪಟ್ಟಿ ಮಾಡುವ ರೂಢಿ ಬದಲಾಗಬೇಕು. 2006ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಪುರುಷರು ಬಾರ್ಸಿಲೋನಾಗೆ 2–1ರಿಂದ ಸೋತ ಮರುವರ್ಷವೇ ಆರ್ಸೆನಲ್ ಮಹಿಳೆಯರು ಯುರೋಪಿನ ಕಪ್ ಗೆದ್ದರು. ಇಂಗ್ಲೆಂಡಿನ ಮಹಿಳಾ ತಂಡವೊಂದಕ್ಕೆ ಅದು ಮೊದಲನೆಯದು. 2025ರ ಮೇ 24ರಂದು ಲಿಸ್ಬನ್‌ನಲ್ಲಿ ಅವರು ಬಾರ್ಸಿಲೋನಾವನ್ನೇ 1–0ರಿಂದ ಮಣಿಸಿ ಅದನ್ನು ಮತ್ತೆ ಗೆದ್ದರು.