ಎರೆಹುಳುವಿನ ಮೇಲೆ ವಿಷದ ಪರೀಕ್ಷೆ: ಸಾವಿನ ಲೆಕ್ಕ, ಮರಿಗಳ ಲೆಕ್ಕ

ಹೊಸ ಕೀಟನಾಶಕವೊಂದು ಮಾರುಕಟ್ಟೆಗೆ ಬರುವ ಮೊದಲು ಹಾದುಬರಬೇಕಾದ ಪರೀಕ್ಷೆಗಳ ಸಾಲಿನಲ್ಲಿ ಇಲಿ, ಮೀನು, ಜೇನುನೊಣಗಳ ಜೊತೆಗೆ ಎರೆಹುಳುವಿಗೂ ಒಂದು ಸ್ಥಾನವಿದೆ. ಮಣ್ಣಿನಲ್ಲಿ ಬದುಕುವ ಅಸಂಖ್ಯ ಜೀವಿಗಳ ನಡುವೆ ಇದನ್ನೇ ಆರಿಸಿಕೊಳ್ಳಲು ಅದರ ಮೈಯ ರಚನೆಯೂ ಒಂದು ಕಾರಣ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಸದಾ ಒದ್ದೆಯಾಗಿರುವ ತೆಳುವಾದ ಚರ್ಮದ ಮೂಲಕವೇ ಅದು ಉಸಿರಾಡುತ್ತದೆ. ಆಮ್ಲಜನಕ ಒಳಸೇರುವ ಅದೇ ಚರ್ಮದ ಮೂಲಕ, ಮಣ್ಣಿನ ಕಣಗಳ ನಡುವಿನ ನೀರಿನಲ್ಲಿ ಕರಗಿರುವ ವಿಷವೂ ಒಳಸೇರುತ್ತದೆ. ಎರಡನೆಯ ದಾರಿ ಬಾಯಿ. ಕೊಳೆತ ಎಲೆಯನ್ನೂ ಮಣ್ಣನ್ನೂ ಒಟ್ಟಿಗೆ ನುಂಗುವ ಈ ಪ್ರಾಣಿಯ ಕರುಳಿನಲ್ಲಿ, ಕಣಗಳಿಗೆ ಅಂಟಿಕೊಂಡಿದ್ದ ರಾಸಾಯನಿಕದ ಒಂದು ಪಾಲು ಬಿಡುಗಡೆಯಾಗುತ್ತದೆ. ಹೀಗೆ ಒಳಗಿನಿಂದಲೂ ಹೊರಗಿನಿಂದಲೂ ಮಣ್ಣಿಗೆ ಒಡ್ಡಿಕೊಂಡಿರುವ ಜೀವಿ ಸುಲಭವಾಗಿ ಸಾಕಲು ಸಿಗುವುದೆಂದರೆ ಪ್ರಯೋಗಶಾಲೆಗೆ ಅದಕ್ಕಿಂತ ಹೆಚ್ಚಿನ ಅನುಕೂಲವಿಲ್ಲ.

ಈ ಪರೀಕ್ಷೆಯನ್ನು ಹಲವು ದೇಶಗಳ ಪ್ರಯೋಗಶಾಲೆಗಳು ಒಂದೇ ರೀತಿಯಲ್ಲಿ ಮಾಡುವಂತೆ ಕ್ರಮಬದ್ಧಗೊಳಿಸಿದ್ದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ. 1984ರಲ್ಲಿ ಅದು ಪ್ರಕಟಿಸಿದ 207ನೆಯ ಮಾರ್ಗಸೂಚಿಯಲ್ಲಿ ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ಮಣ್ಣೇ ಇಲ್ಲ. ಸುಮಾರು 8 ಸೆಂಟಿಮೀಟರ್ ಉದ್ದ ಮತ್ತು 3 ಸೆಂಟಿಮೀಟರ್ ವ್ಯಾಸದ ಗಾಜಿನ ಸೀಸೆಯ ಒಳಗೋಡೆಗೆ ಫಿಲ್ಟರ್ ಪೇಪರನ್ನು ಹೊಂದಿಸಿ, ಅದಕ್ಕೆ ರಾಸಾಯನಿಕದ ದ್ರಾವಣವನ್ನು ಹಾಕಿ ಒಣಗಿಸಿ, ಮತ್ತೆ 1 ಮಿಲಿಲೀಟರ್ ನೀರಿನಿಂದ ತೇವಗೊಳಿಸಿ, ಸೀಸೆಗೊಂದರಂತೆ ಹುಳುವನ್ನು ಬಿಡುತ್ತಾರೆ. ಇದಕ್ಕೂ ಮುನ್ನ ಹುಳುಗಳನ್ನು ಮೂರು ಗಂಟೆಗಳ ಕಾಲ ಬರಿಯ ಒದ್ದೆ ಕಾಗದದ ಮೇಲೆ ಇಟ್ಟು ಕರುಳು ಖಾಲಿಯಾಗಲು ಬಿಡುವುದುಂಟು. ಸೀಸೆಗೆ ಒಂದೇ ಹುಳು ಏಕೆಂದರೆ, ಜೊತೆಯಲ್ಲಿರುವ ಒಂದು ಸತ್ತರೆ ಅದರಿಂದ ಉಳಿದವಕ್ಕೂ ಕೇಡಾಗಬಹುದು; ಆಗ ಕೊಂದದ್ದು ರಾಸಾಯನಿಕವೋ ಕೊಳೆತ ಹೆಣವೋ ಎಂದು ಬೇರ್ಪಡಿಸಿ ಹೇಳಲಾಗದು. ಕತ್ತಲಿನಲ್ಲಿ 48 ಗಂಟೆ ಇಟ್ಟು ಸತ್ತವನ್ನು ಎಣಿಸುತ್ತಾರೆ.

ಅಗ್ಗದ, ಬೇಗ ಮುಗಿಯುವ ಈ ವಿಧಾನ ಯಾವ ರಾಸಾಯನಿಕವನ್ನು ಮುಂದೆ ಸೂಕ್ಷ್ಮವಾಗಿ ಪರೀಕ್ಷಿಸಬೇಕು ಎಂದು ಜರಡಿ ಹಿಡಿಯಲು ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು. ಇಲ್ಲಿ ದೊರೆಯುವ ಅಂಕಿಯ ಮಾನ ಒಂದು ಚದರ ಸೆಂಟಿಮೀಟರ್ ಕಾಗದಕ್ಕೆ ಎಷ್ಟು ಮಿಲಿಗ್ರಾಂ ಎಂಬುದು. ಹೊಲದ ಮಣ್ಣಿಗೆ ಅದನ್ನು ಹೊಂದಿಸುವ ದಾರಿಯಿಲ್ಲ. ಕಾಗದದ ಮೇಲೆ ವಿಷವು ಬಹುಪಾಲು ಚರ್ಮದ ಮೂಲಕ ಮಾತ್ರ ಒಳಹೋಗುತ್ತದೆ. ವಿಷವನ್ನು ಹಿಡಿದಿಟ್ಟುಕೊಳ್ಳುವ ಜೇಡಿಯಾಗಲಿ, ಸಾವಯವ ವಸ್ತುವಾಗಲಿ ಅಲ್ಲಿಲ್ಲ.

ಎರಡನೆಯ ವಿಧಾನಕ್ಕೆ ಮಣ್ಣು ಬೇಕು, ಆದರೆ ಯಾವ ಮಣ್ಣು ಎಂಬ ಪ್ರಶ್ನೆ ಬರುತ್ತದೆ. ಒಂದು ಊರಿನ ಕಪ್ಪು ಮಣ್ಣಿನಲ್ಲಿ ನಿರುಪದ್ರವಿಯಾದ ಪ್ರಮಾಣ ಇನ್ನೊಂದು ಊರಿನ ಮರಳು ಮಣ್ಣಿನಲ್ಲಿ ಮಾರಕವಾದೀತು. ಹಾಗಾಗಿ ಎಲ್ಲ ಪ್ರಯೋಗಶಾಲೆಗಳಿಗೂ ಒಂದೇ ಆಗಿರುವ ಮಣ್ಣನ್ನು ಕೃತಕವಾಗಿಯೇ ಕಲಸಿಕೊಳ್ಳುವುದು ಎಂದಾಯಿತು. ಒಣತೂಕದ ಲೆಕ್ಕದಲ್ಲಿ ಶೇ. 10ರಷ್ಟು ಸ್ಫ್ಯಾಗ್ನಮ್ ಪಾಚಿಯಿಂದಾದ ಪೀಟ್, ಶೇ. 20ರಷ್ಟು ಕೆಯೋಲಿನ್ ಜೇಡಿ, ಉಳಿದ ಶೇ. 70ರಷ್ಟು ನುಣುಪಾದ ಬೆಣಚುಕಲ್ಲಿನ ಮರಳು. ಪೀಟ್ ಹುಳಿ ಗುಣದ್ದಾದ್ದರಿಂದ, ಹುಳಿಯ ಅಳತೆಯಾದ ಪಿಎಚ್ 6ರ ಆಸುಪಾಸಿಗೆ ಬರುವಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ನೀರಿನಲ್ಲಿ ಕರಗುವ ರಾಸಾಯನಿಕವಾದರೆ ನೀರಿನೊಡನೆಯೇ ಮಣ್ಣಿಗೆ ಸೇರಿಸಬಹುದು. ಕರಗದಿದ್ದರೆ ಅಸಿಟೋನ್‌ನಂಥ ಬೇಗ ಹಾರಿಹೋಗುವ ದ್ರಾವಕದಲ್ಲಿ ಕರಗಿಸಿ, ಸ್ವಲ್ಪ ಮರಳಿನ ಮೇಲೆ ಸುರಿದು, ದ್ರಾವಕ ಪೂರ್ತಿ ಆವಿಯಾದ ಮೇಲೆ ಆ ಮರಳನ್ನು ಉಳಿದ ಮಣ್ಣಿನೊಳಗೆ ಬೆರೆಸಬೇಕು. ಬರಿಯ ದ್ರಾವಕದಿಂದ ಹುಳುಗಳಿಗೆ ಏನೂ ಆಗಿಲ್ಲವೆಂದು ತೋರಿಸಲು, ದ್ರಾವಕ ಮಾತ್ರ ಹಾಕಿ ಆರಿಸಿದ ಮಣ್ಣಿನ ಪಾತ್ರೆಗಳೂ ಬೇರೆಯಾಗಿ ಇರಬೇಕು.

ಹೀಗೆ ತಯಾರಾದ ಮಣ್ಣನ್ನು ಗಾಜಿನ ಪಾತ್ರೆಗಳಲ್ಲಿ ತುಂಬಿ, ಪ್ರತಿ ಪಾತ್ರೆಗೂ ಹತ್ತರಂತೆ ಬೆಳೆದ ಹುಳುಗಳನ್ನು ಮಣ್ಣಿನ ಮೇಲೆ ಬಿಡುತ್ತಾರೆ. ಪ್ರತಿ ಹುಳುವಿನ ತೂಕ 300ರಿಂದ 600 ಮಿಲಿಗ್ರಾಂ ಇರಬೇಕು. ಮೈಯ ಮುಂಭಾಗದಲ್ಲಿ ದಪ್ಪ ಪಟ್ಟಿಯಂತೆ ಕಾಣುವ ಕ್ಲೈಟೆಲ್ಲಮ್ ಮೂಡಿರಬೇಕು, ಏಕೆಂದರೆ ಪ್ರಾಯಕ್ಕೆ ಬಂದ ಗುರುತು ಅದೇ. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಕಾಗದದ ಪರೀಕ್ಷೆ ಕತ್ತಲಿನಲ್ಲಿ ನಡೆದರೆ ಇದು ಬಿಡುವಿಲ್ಲದ ಬೆಳಕಿನಲ್ಲಿ ನಡೆಯುತ್ತದೆ. ಎರೆಹುಳುವಿಗೆ ಬೆಳಕು ಆಗದು. ಮೇಲೆ ದೀಪ ಉರಿಯುತ್ತಿದ್ದರೆ ಅದು ವಿಷದ ಮಣ್ಣಿನಿಂದ ಹೊರಬಂದು ಪಾತ್ರೆಯ ಗೋಡೆಗೆ ಅಂಟಿಕೊಂಡು ಪಾರಾಗುವ ಬದಲು ಮಣ್ಣಿನೊಳಗೇ ಉಳಿಯುತ್ತದೆ. ಏಳನೆಯ ದಿನ ಒಮ್ಮೆ, ಹದಿನಾಲ್ಕನೆಯ ದಿನ ಮತ್ತೊಮ್ಮೆ ಮಣ್ಣನ್ನು ಹರವಿ ಹುಳುಗಳನ್ನು ಹುಡುಕುತ್ತಾರೆ. ತಲೆಯ ತುದಿಯನ್ನು ಮೆಲ್ಲಗೆ ತಾಕಿದಾಗ ಮಿಸುಕದ ಹುಳು ಸತ್ತಿದೆ ಎಂದು ಲೆಕ್ಕ. ವಿಷವಿಲ್ಲದ ಮಣ್ಣಿನ ಪಾತ್ರೆಗಳಲ್ಲೇ ಶೇ. 10ಕ್ಕಿಂತ ಹೆಚ್ಚು ಹುಳುಗಳು ಸತ್ತಿದ್ದರೆ ಇಡೀ ಪರೀಕ್ಷೆಯನ್ನು ರದ್ದುಮಾಡಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಬೇರೆ ಬೇರೆ ಪ್ರಮಾಣಗಳಲ್ಲಿ ಸತ್ತವುಗಳ ಸಂಖ್ಯೆಯಿಂದ, ಅರ್ಧದಷ್ಟು ಹುಳುಗಳನ್ನು ಕೊಲ್ಲುವ ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ಎಲ್‌ಸಿ50 ಎಂದು ವರದಿಗಳಲ್ಲಿ ಕಾಣುವ ಅಂಕಿ ಇದೇ. ಒಂದು ಕಿಲೋಗ್ರಾಂ ಒಣಮಣ್ಣಿಗೆ ಇಷ್ಟು ಮಿಲಿಗ್ರಾಂ ಎಂದು ಅದನ್ನು ಬರೆಯುತ್ತಾರೆ.

ಪರೀಕ್ಷೆಗೆ ಬಳಸುವ ಹುಳು ಐಸೀನಿಯಾ ಫೆಟಿಡಾ, ಅಥವಾ ಅದರ ಹತ್ತಿರದ ಸಂಬಂಧಿ ಐಸೀನಿಯಾ ಆಂಡ್ರೆಯಿ. ಮೊದಲನೆಯದರ ಮೈಮೇಲೆ ಹಳದಿ ಮಿಶ್ರಿತ ಅಡ್ಡಪಟ್ಟೆಗಳಿರುತ್ತವೆ, ಎರಡನೆಯದು ಮೈಯೆಲ್ಲ ಒಂದೇ ಸಮನೆ ಕೆಂಪು. ಬಹುಕಾಲ ಇವೆರಡನ್ನೂ ಒಂದೇ ಪ್ರಭೇದವೆಂದು ಎಣಿಸುತ್ತಿದ್ದುದರಿಂದ, ಹಳೆಯ ಪ್ರಬಂಧಗಳಲ್ಲಿ ಫೆಟಿಡಾ ಎಂದು ಬರೆದಿದ್ದರೂ ಪಾತ್ರೆಯಲ್ಲಿದ್ದದ್ದು ಯಾವುದು ಎಂದು ಖಚಿತವಾಗಿ ಹೇಳುವುದು ಕಷ್ಟ. ಎರೆಗೊಬ್ಬರ ಮಾಡುವವರಿಗೆ ಇದು ಪರಿಚಿತ ಹುಳು. ಸಗಣಿ ಗೊಬ್ಬರದಲ್ಲಿ ದಟ್ಟವಾಗಿ ಬೆಳೆಯುತ್ತದೆ, ಮರಿ ಎರಡು ತಿಂಗಳೊಳಗೆ ಪ್ರಾಯಕ್ಕೆ ಬರುತ್ತದೆ, ಮೊಟ್ಟೆಗಳಿರುವ ಒಂದೊಂದು ಕೋಶದಿಂದ ಹಲವು ಮರಿಗಳು ಹೊರಬರುತ್ತವೆ. ತೊಡಕಿರುವುದೂ ಇಲ್ಲೇ. ಇದು ಕಸ ಮತ್ತು ಗೊಬ್ಬರದ ರಾಶಿಯಲ್ಲಿ ವಾಸಿಸುವ ಹುಳುವೇ ಹೊರತು ಉತ್ತ ಹೊಲದ ಮಣ್ಣಿನಲ್ಲಿ ಬಿಲ ತೋಡಿ ಬದುಕುವಂಥದ್ದಲ್ಲ. ಕೀಟನಾಶಕಗಳ ಬಗ್ಗೆ ಪ್ರಕಟವಾಗಿದ್ದ ಹಲವು ಪರೀಕ್ಷೆಗಳ ಅಂಕಿಗಳನ್ನು ಒಟ್ಟುಗೂಡಿಸಿ 2013ರಲ್ಲಿ ನಡೆಸಿದ ವಿಶ್ಲೇಷಣೆಯೊಂದರಲ್ಲಿ, ಹೊಲಗದ್ದೆಗಳ ನಿಜವಾದ ನಿವಾಸಿಗಳಾದ ಲಂಬ್ರಿಕಸ್ ಟೆರೆಸ್ಟ್ರಿಸ್ ಮತ್ತು ಅಪೊರೆಕ್ಟೋಡಿಯಾ ಕ್ಯಾಲಿಜಿನೋಸಾ ಇದಕ್ಕಿಂತ ಸೂಕ್ಷ್ಮ ಎಂದು ಕಂಡುಬಂತು. ಅನುಕೂಲಕ್ಕಾಗಿ ಆರಿಸಿದ ಪ್ರಾಣಿ ತನ್ನ ಬಳಗದಲ್ಲಿ ಗಟ್ಟಿ ಜೀವವೂ ಆಗಿರುವುದು ನೆಮ್ಮದಿಯ ಸಂಗತಿಯೇನಲ್ಲ.

ಇದಕ್ಕಿಂತಲೂ ದೊಡ್ಡ ಕೊರತೆ ಪರೀಕ್ಷೆ ಕೇಳುವ ಪ್ರಶ್ನೆಯಲ್ಲೇ ಇದೆ. ಹದಿನಾಲ್ಕು ದಿನಗಳಲ್ಲಿ ಸತ್ತಿತೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ ಸಿಗುತ್ತದೆ. ಉಂಡದ್ದು ಮೈಗೆ ಹತ್ತದೆ ಸೊರಗಿದ ಹುಳು, ಮೊಟ್ಟೆಯಿಡುವುದನ್ನು ನಿಲ್ಲಿಸಿದ ಹುಳು, ಮೇಲಕ್ಕೆ ಬಂದು ಹಕ್ಕಿಯ ಬಾಯಿಗೆ ಬೀಳುವಷ್ಟು ದಿಕ್ಕೆಟ್ಟ ಹುಳು, ಇವೆಲ್ಲವೂ ವರದಿಯಲ್ಲಿ ಬದುಕಿದವುಗಳ ಪಟ್ಟಿಗೇ ಸೇರುತ್ತವೆ. ಬೆನೊಮಿಲ್ ಎಂಬ ಶಿಲೀಂಧ್ರನಾಶಕ ಮಣ್ಣಿನಲ್ಲಿ ಕಾರ್ಬೆಂಡಜಿಮ್ ಆಗಿ ಒಡೆಯುತ್ತದೆ. ಅದು ಜೀವಕೋಶದ ವಿಭಜನೆಗೆ ಬೇಕಾದ ಟ್ಯೂಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಶಿಲೀಂಧ್ರವನ್ನು ತಡೆಯುತ್ತದೆ. ಎರೆಹುಳುವಿಗೂ ಅದು ಕಡುವಿಷ ಎಂಬುದು ಬಯಲಾದದ್ದು ಸೇಬಿನ ತೋಟಗಳಲ್ಲಿ. 1970ರ ದಶಕದ ಇಂಗ್ಲೆಂಡಿನಲ್ಲಿ ಬೆನೊಮಿಲ್ ಸಿಂಪಡಿಸಿದ ತೋಟಗಳಲ್ಲಿ ಎರೆಹುಳುಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಉದುರಿದ ಎಲೆಗಳನ್ನು ಬಿಲಕ್ಕೆ ಎಳೆದುಕೊಂಡು ಹೋಗುವ ಹುಳುಗಳಿಲ್ಲದೆ ಎಲೆಗಳು ನೆಲದ ಮೇಲೆಯೇ ಉಳಿಯತೊಡಗಿದವು. ಸೇಬಿನ ಕಜ್ಜಿರೋಗದ ಶಿಲೀಂಧ್ರ ಚಳಿಗಾಲವನ್ನು ಕಳೆಯುವುದು ಅಂಥ ಎಲೆಗಳಲ್ಲೇ. ರೋಗವನ್ನು ತಡೆಯಲೆಂದು ಸಿಂಪಡಿಸಿದ ಔಷಧಿಯೇ ರೋಗದ ಬೀಜಾಣುಗಳಿಗೆ ಆಸರೆಯನ್ನು ಉಳಿಸಿಕೊಟ್ಟಂತಾಯಿತು. ಕಾರ್ಬೆಂಡಜಿಮ್‌ಗೆ ಇಂದು ಪರೀಕ್ಷಾಲಯಗಳಲ್ಲಿ ಬೇರೆಯೇ ಒಂದು ಕೆಲಸವಿದೆ: ತಮ್ಮಲ್ಲಿ ಸಾಕಿದ ಹುಳುಗಳು ವಿಷಕ್ಕೆ ಎಂದಿನಂತೆಯೇ ಸ್ಪಂದಿಸುತ್ತಿವೆಯೇ ಎಂದು ಆಗಾಗ ತಾಳೆ ನೋಡಲು ಬಳಸುವ ಮಾದರಿ ವಿಷ ಅದು.

ಸಂತಾನದ ಮೇಲಿನ ಪರಿಣಾಮವನ್ನೇ ಅಳೆಯುವ ಪರೀಕ್ಷೆಯನ್ನು ಒಇಸಿಡಿ 2004ರಲ್ಲಿ 222ನೆಯ ಮಾರ್ಗಸೂಚಿಯಾಗಿ ಹೊರತಂದಿತು. ಇದು 56 ದಿನಗಳ ಕೆಲಸ. ಮೊದಲ 28 ದಿನ ದೊಡ್ಡ ಹುಳುಗಳು ವಿಷ ಬೆರೆತ ಮಣ್ಣಿನಲ್ಲಿರುತ್ತವೆ. ಇಷ್ಟು ದಿನ ಉಪವಾಸವಿಡಲಾಗದ ಕಾರಣ ಒಣಗಿಸಿ ಪುಡಿಮಾಡಿದ ದನದ ಅಥವಾ ಕುದುರೆಯ ಲದ್ದಿಯನ್ನು ವಾರಕ್ಕೊಮ್ಮೆ ಹಾಕುತ್ತಾರೆ. ಜಂತುನಾಶಕವನ್ನೋ ಬೆಳವಣಿಗೆ ಹೆಚ್ಚಿಸುವ ಔಷಧವನ್ನೋ ಕೊಟ್ಟ ಪ್ರಾಣಿಯ ಲದ್ದಿ ಮಾತ್ರ ಬಳಸುವಂತಿಲ್ಲ, ಏಕೆಂದರೆ ಆ ಔಷಧದ ಶೇಷವೇ ಹುಳುಗಳನ್ನು ಬಾಧಿಸಬಹುದು. ಇಪ್ಪತ್ತೆಂಟನೆಯ ದಿನ ದೊಡ್ಡವನ್ನು ಹೊರತೆಗೆದು ತೂಗುತ್ತಾರೆ. ಅವು ಇಟ್ಟ ಕೋಶಗಳು ಮಣ್ಣಿನಲ್ಲೇ ಉಳಿದು, ಮುಂದಿನ 28 ದಿನಗಳಲ್ಲಿ ಒಡೆದು ಮರಿಗಳು ಹೊರಬರುತ್ತವೆ.

ಆ ಮರಿಗಳನ್ನು ಎಣಿಸುವುದು ಇಡೀ ಪರೀಕ್ಷೆಯಲ್ಲಿ ಅತ್ಯಂತ ತಾಳ್ಮೆ ಬೇಡುವ ಘಟ್ಟ. ದಾರದ ಎಳೆಯಷ್ಟು ಸಣ್ಣಗೆ, ಬಣ್ಣವೂ ಸರಿಯಾಗಿ ಮೂಡದೆ ಇರುವ ಮರಿಗಳು ಮಣ್ಣಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಪಾತ್ರೆಯನ್ನು 50ರಿಂದ 60 ಡಿಗ್ರಿಯ ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ. ತಳದಿಂದ ಶಾಖ ಏರುತ್ತ ಬಂದಂತೆ ಮರಿಗಳು ಒಂದೊಂದಾಗಿ ಮೇಲ್ಮೈಗೆ ತೆವಳಿ ಬರುತ್ತವೆ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅವನ್ನು ಎತ್ತಿ ಎಣಿಸಬಹುದು. ವಿಷವಿಲ್ಲದ ಪ್ರತಿ ಪಾತ್ರೆಯಲ್ಲೂ ಕನಿಷ್ಠ 30 ಮರಿಗಳಾದರೂ ಸಿಗಬೇಕೆಂಬುದು ನಿಯಮ. ಅಷ್ಟಿಲ್ಲದಿದ್ದರೆ ಹೋಲಿಕೆಗೆ ಆಧಾರವೇ ಇರುವುದಿಲ್ಲ. ಒಂದೂ ದೊಡ್ಡ ಹುಳು ಸಾಯದ ಪ್ರಮಾಣದಲ್ಲಿಯೇ ಮರಿಗಳ ಸಂಖ್ಯೆ ಅರ್ಧಕ್ಕಿಳಿಯುವುದು ಈ ಪರೀಕ್ಷೆಯಲ್ಲಿ ಅಪರೂಪವೇನಲ್ಲ. ಯುರೋಪಿನ ಒಕ್ಕೂಟವು ಕೀಟನಾಶಕಗಳ ಅನುಮತಿಗೆ ಕೇಳುವ ದಾಖಲೆಗಳಲ್ಲಿ ಹದಿನಾಲ್ಕು ದಿನಗಳ ಸಾವಿನ ಪರೀಕ್ಷೆಯನ್ನು 2013ರ ನಿಯಮಗಳಲ್ಲಿ ಕೈಬಿಟ್ಟು ಸಂತಾನದ ಪರೀಕ್ಷೆಯನ್ನು ಮುಂದಿಟ್ಟದ್ದು ಸರಿಯಾದ ನಿರ್ಧಾರ ಎಂದೇ ನನಗೆ ತೋರುತ್ತದೆ.

ಹುಳುವಿನ ನಡವಳಿಕೆಯನ್ನೇ ಉತ್ತರವಾಗಿ ಓದುವ ಇನ್ನೊಂದು ವಿಧಾನವಿದೆ. ಪೆಟ್ಟಿಗೆಯೊಂದನ್ನು ಎರಡು ಭಾಗ ಮಾಡಿ, ಒಂದರಲ್ಲಿ ಶುದ್ಧ ಮಣ್ಣು, ಇನ್ನೊಂದರಲ್ಲಿ ಪರೀಕ್ಷಿಸಬೇಕಾದ ಮಣ್ಣು ತುಂಬಿ, ನಡುವಿನ ತಡೆಯನ್ನು ತೆಗೆದು, ಆ ಗೆರೆಯ ಮೇಲೆ ಹತ್ತು ಹುಳುಗಳನ್ನು ಬಿಡುವುದು. 48 ಗಂಟೆಗಳ ಬಳಿಕ ತಡೆಯನ್ನು ಮತ್ತೆ ಇಳಿಸಿ ಯಾವ ಬದಿಯಲ್ಲಿ ಎಷ್ಟಿವೆ ಎಂದು ನೋಡುತ್ತಾರೆ. ಪರೀಕ್ಷಿಸಿದ ಮಣ್ಣಿನಲ್ಲಿ ಹುಳುಗಳ ಪಾಲು ಶೇ. 20ಕ್ಕಿಂತ ಕಡಿಮೆಯಾದರೆ ಆ ಮಣ್ಣು ವಾಸಕ್ಕೆ ಯೋಗ್ಯವಲ್ಲ ಎಂದು ತೀರ್ಮಾನ. ಹಳೆಯ ಕಾರ್ಖಾನೆಯ ಜಾಗದಂಥ ಕಡೆ ಮಣ್ಣಿನಲ್ಲಿ ಏನೇನು ಬೆರೆತಿದೆಯೆಂದು ಗೊತ್ತಿಲ್ಲದಾಗ ಇದು ಬಹಳ ಉಪಯುಕ್ತ. ಆದರೆ ಹುಳು ವಿಷಕ್ಕೆ ಮಾತ್ರ ಬೆನ್ನು ತಿರುಗಿಸುವುದಿಲ್ಲ. ತೇವ, ಪಿಎಚ್, ಸಾವಯವ ಅಂಶ ಹಿತವಾಗಿಲ್ಲದಿದ್ದರೂ ಆಚೆಗೆ ಸರಿಯುತ್ತದೆ. ಎರಡೂ ಬದಿಯ ಮಣ್ಣು ವಿಷವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಹೋಲದಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ.

ಹುಳು ಸಾಯದಿರುವುದೇ ಅಪಾಯವಾಗುವ ಸಂದರ್ಭವೂ ಇದೆ. ಅಮೆರಿಕದ ಇಲಿನಾಯ್‌ನಲ್ಲಿ ಎಲ್ಮ್ ಮರಗಳಿಗೆ ಡಿಡಿಟಿ ಸಿಂಪಡಿಸಿದ ಬಳಿಕ ರಾಬಿನ್ ಹಕ್ಕಿಗಳು ಸಾಯತೊಡಗಿದಾಗ ರಾಯ್ ಬಾರ್ಕರ್ ಅದರ ಜಾಡು ಹಿಡಿದು 1958ರಲ್ಲಿ ಪ್ರಕಟಿಸಿದರು. ಉದುರಿದ ಎಲೆಗಳನ್ನು ತಿಂದ ಎರೆಹುಳುಗಳು ಡಿಡಿಟಿಯನ್ನು ಮೈಯಲ್ಲಿ ತುಂಬಿಕೊಂಡು ಬದುಕಿದ್ದವು, ಅವನ್ನು ತಿಂದ ಹಕ್ಕಿಗಳು ಸತ್ತವು. ಸಾವಿನ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುವ ರಾಸಾಯನಿಕ ಇಂಥದ್ದು. ಇದಕ್ಕೆಂದು 2010ರಲ್ಲಿ ಬಂದ ಒಇಸಿಡಿಯ 317ನೆಯ ಮಾರ್ಗಸೂಚಿಯಲ್ಲಿ ಹುಳುಗಳನ್ನು ಕೆಲವು ವಾರ ಕಲುಷಿತ ಮಣ್ಣಿನಲ್ಲಿಟ್ಟು, ಆಮೇಲೆ ಶುದ್ಧ ಮಣ್ಣಿಗೆ ಸಾಗಿಸಿ, ಮೈಗೆ ಸೇರಿದ್ದು ಎಷ್ಟು, ಹೊರಹೋದದ್ದು ಎಷ್ಟು ಎಂದು ಅಳೆಯುತ್ತಾರೆ.

ಇಷ್ಟೆಲ್ಲ ಆದ ಮೇಲೂ ಪಾತ್ರೆಯ ಅಂಕಿಯನ್ನು ನೇರವಾಗಿ ಹೊಲಕ್ಕೆ ಅನ್ವಯಿಸಲಾಗದು. ಕೃತಕ ಮಣ್ಣಿನಲ್ಲಿ ಸಾವಯವ ಅಂಶ ಬಹಳಷ್ಟು ಹೊಲಗಳಿಗಿಂತ ಹೆಚ್ಚಿರುತ್ತದೆ. ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ರಾಸಾಯನಿಕಗಳು ಪೀಟ್‌ಗೆ ಬಿಗಿಯಾಗಿ ಅಂಟಿಕೊಂಡು ಹುಳುವಿಗೆ ಎಟುಕದೆ ಹೋಗುತ್ತವೆ. ಅಂಥವುಗಳ ಫಲಿತಾಂಶವನ್ನು ಎರಡರಿಂದ ಭಾಗಿಸಬೇಕೆಂಬ ಕ್ರಮ ಯುರೋಪಿನಲ್ಲಿ ಬಂದಿರುವುದು ಇದೇ ಕಾರಣಕ್ಕೆ. ತಾಮ್ರ, ಸತುವಿನಂಥ ಲೋಹಗಳಲ್ಲಿ ಪಿಎಚ್‌ನ ಪಾತ್ರ ದೊಡ್ಡದು: ಮಣ್ಣು ಹುಳಿಯಾದಷ್ಟೂ ಲೋಹ ನೀರಿಗೆ ಬಿಡುಗಡೆಯಾಗುತ್ತದೆ. ಕಾಲವೂ ಲೆಕ್ಕಕ್ಕೆ ಬರುತ್ತದೆ. ನಿನ್ನೆ ಬೆರೆಸಿದ ಲೋಹದ ಲವಣ ವರ್ಷಗಳಿಂದ ಮಣ್ಣಿನಲ್ಲಿ ಕುಳಿತಿರುವ ಅದೇ ಲೋಹಕ್ಕಿಂತ ಸಾಮಾನ್ಯವಾಗಿ ಹೆಚ್ಚು ವಿಷಕಾರಿ, ಏಕೆಂದರೆ ಹಳೆಯದರ ಬಹುಪಾಲು ಕಣಗಳ ಒಳಗೆ ಬಂಧಿಯಾಗಿರುತ್ತದೆ. ಹಾಗೆ ನೋಡಿದರೆ ಪರೀಕ್ಷೆ ಕೆಲವು ವಿಷಯಗಳಲ್ಲಿ ಅಪಾಯವನ್ನು ಕಡಿಮೆ ತೋರಿಸುತ್ತದೆ, ಕೆಲವದರಲ್ಲಿ ಹೆಚ್ಚು ತೋರಿಸುತ್ತದೆ. ಎರಡು ರಾಸಾಯನಿಕಗಳಲ್ಲಿ ಯಾವುದು ಹೆಚ್ಚು ವಿಷ ಎಂದು ಹೇಳಲು ಅದು ವಿಶ್ವಾಸಾರ್ಹ ಅಳತೆಗೋಲು; ನಿರ್ದಿಷ್ಟ ಹೊಲವೊಂದರಲ್ಲಿ ಏನಾದೀತು ಎಂಬುದಕ್ಕೆ ಅಲ್ಲ.

ಆದ್ದರಿಂದ ಸಂತಾನಕ್ಕೆ ತೊಂದರೆ ಕಾಣದ ಪ್ರಮಾಣವು ಹೊಲದಲ್ಲಿ ನಿರೀಕ್ಷಿಸಿದ ಪ್ರಮಾಣದ ಐದು ಪಟ್ಟಾದರೂ ಇರಬೇಕೆಂದು ಯುರೋಪಿನ ನಿಯಮ ಕೇಳುತ್ತದೆ. ಅಷ್ಟು ಅಂತರ ಸಿಗದಿದ್ದಾಗ ಹೊಲದಲ್ಲೇ ಪರೀಕ್ಷೆ ನಡೆಸಬೇಕಾಗುತ್ತದೆ. ಅಲ್ಲಿ ಸಿಂಪಡಿಸಿದ ಮತ್ತು ಸಿಂಪಡಿಸದ ತುಂಡುಗಳನ್ನು ಅಕ್ಕಪಕ್ಕದಲ್ಲಿ ಗುರುತು ಮಾಡಿ, ಮಣ್ಣನ್ನು ಅಗೆದು ಕೈಯಿಂದ ಹೆಕ್ಕಿ, ಆಳದ ಬಿಲಗಳಲ್ಲಿರುವವನ್ನು ಕೆರಳಿಸುವ ದ್ರಾವಣ ಸುರಿದು ಹೊರಬರಿಸಿ, ಪ್ರಭೇದವಾರು ಎಣಿಸಿ, ಇದನ್ನೇ ಒಂದು ವರ್ಷದವರೆಗೆ ಹಲವು ಬಾರಿ ಮಾಡುತ್ತಾರೆ. ಮಳೆ ಹಿಂದುಮುಂದಾದರೆ ಹುಳುಗಳು ಆಳಕ್ಕಿಳಿದು ಸುರುಳಿ ಸುತ್ತಿಕೊಂಡು ಮಲಗಿಬಿಡುತ್ತವೆ, ಆಗ ಸಿಂಪಡಿಸದ ತುಂಡಿನಲ್ಲಿಯೂ ಎಣಿಕೆ ಕುಸಿಯುತ್ತದೆ. ಇಂಥ ಏರಿಳಿತದ ನಡುವೆ ವಿಷದಿಂದಾದ ಇಳಿಕೆಯನ್ನು ಗುರುತಿಸಲು ತುಂಡುಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಮುಖ್ಯ ಉಪಾಯ, ಮತ್ತು ಒಂದೊಂದು ತುಂಡು ಹೆಚ್ಚಿದಂತೆ ಅಗೆದು ಹೆಕ್ಕುವ ಕೆಲಸವೂ ಅಷ್ಟೇ ಹೆಚ್ಚುತ್ತದೆ.