ಚಾಸಿ ನಂಬರ್ ಹಿಡಿದು ಓದಿ: ಬುಗಾಟಿ ರೊಯಾಲ್ 41121

ಹಳೆಯ ಐಷಾರಾಮಿ ಕಾರಿನ ಇತಿಹಾಸ ಓದುವಾಗ ಮೊದಲು ಬಾಡಿ ನೋಡಬೇಡಿ, ಚಾಸಿ ನಂಬರ್ ನೋಡಿ, ಅಂದರೆ ಕಾರಿನ ಅಡಿ ಚೌಕಟ್ಟಿನ ಗುರುತಿನ ಸಂಖ್ಯೆ. 1920–30ರ ದಶಕಗಳಲ್ಲಿ ದುಬಾರಿ ಕಾರು ಕೊಂಡವರಿಗೆ ಕಂಪನಿಯಿಂದ ಸಿಗುತ್ತಿದ್ದದ್ದು ಎಷ್ಟೋ ಸಲ ಎಂಜಿನ್, ಚಕ್ರ ಸಮೇತದ ಚಾಸಿ ಮಾತ್ರ. ದರ್ಜಿಗೆ ಅಳತೆ ಕೊಟ್ಟು ಸೂಟ್ ಹೊಲಿಸಿದ ಹಾಗೆ, ಬಾಡಿಯನ್ನು ಬೇರೆ ಕೋಚ್‌ಬಿಲ್ಡರ್ ಹತ್ತಿರ ಮಾಡಿಸಬೇಕಿತ್ತು. ಮುಂದೆ ಬೇಜಾರಾದರೆ ಬಾಡಿ ಕಳಚಿ ಹೊಸದು ಹಾಕಿಸುವುದೂ ಇತ್ತು. ಬಾಡಿ ಹೋದರೂ ಚಾಸಿ ನಂಬರ್ ಉಳಿಯುತ್ತದೆ.

ಇದನ್ನು ಕಲಿಯಲು ಫ್ರಾನ್ಸಿನ ಬುಗಾಟಿ ಕಂಪನಿಯ ಟೈಪ್ 41 ರೊಯಾಲ್ ಒಳ್ಳೆಯ ಉದಾಹರಣೆ, ಯಾಕೆಂದರೆ ಇರುವುದೇ 6 ಕಾರು. 8 ಸಿಲಿಂಡರ್, 12.7 ಲೀಟರ್ ಎಂಜಿನ್. ರಾಜರಿಗೆಂದು ಮಾಡಿದ್ದು, ಆದರೆ ಒಬ್ಬ ರಾಜನೂ ಕೊಳ್ಳಲಿಲ್ಲ! ಜಗತ್ತೇ ದುಡ್ಡಿಲ್ಲದೆ ಒದ್ದಾಡುತ್ತಿದ್ದ ಆ ವರ್ಷಗಳಲ್ಲಿ ಹೊರಗಿನ ಗಿರಾಕಿಗಳಿಗೆ ಹೋದದ್ದು ಬರೀ 3. ಕಾರಿಗೆಂದು ಮಾಡಿದ ಆ ಭಾರಿ ಎಂಜಿನ್ ಕೊನೆಗೆ ಫ್ರಾನ್ಸಿನ ರೈಲ್‌ಕಾರುಗಳಿಗೆ ಹೋಯಿತು.

ಮೊದಲ ಗಿರಾಕಿ ಫ್ರಾನ್ಸಿನ ಬಟ್ಟೆ ಉದ್ಯಮಿ ಅರ್ಮಾಂಡ್ ಎಸ್ಡರ್ಸ್, ಚಾಸಿ 41111. ಅವರು ರಾತ್ರಿ ಕಾರು ಓಡಿಸುತ್ತಿರಲಿಲ್ಲ, ಹಾಗಾಗಿ ಹೆಡ್‌ಲೈಟೇ ಬೇಡ ಎಂದರು. ಕಂಪನಿ ಸ್ಥಾಪಕರ ಮಗ ಜೀನ್ ಬುಗಾಟಿ ಅದಕ್ಕೆ ತಕ್ಕಂತೆ ತೆರೆದ ರೋಡ್‌ಸ್ಟರ್ ಬಾಡಿ ರೂಪಿಸಿದರು. ಮುಂದಿನ ಮಾಲೀಕರು ಅದನ್ನು ತೆಗೆಸಿ ಹೆನ್ರಿ ಬೈಂಡರ್ ಕಂಪನಿಯ ಬಾಡಿ ಹಾಕಿಸಿದರು. ಇವತ್ತು ಫ್ರಾನ್ಸಿನ ಮುಲೂಸ್ ಊರಿನ ಕಾರು ಮ್ಯೂಸಿಯಂನಲ್ಲಿ ಹೆಡ್‌ಲೈಟ್ ಇಲ್ಲದ ಆ ರೋಡ್‌ಸ್ಟರ್ ಕಾಣುತ್ತದೆ, ಆದರೆ ಅದು ಎಷ್ಟೋ ವರ್ಷಗಳ ನಂತರ ಕಟ್ಟಿದ ಪ್ರತಿರೂಪ. ಎಸ್ಡರ್ಸ್ ಓಡಿಸಿದ ಚಾಸಿ ಇರುವುದು ಬೈಂಡರ್ ಬಾಡಿಯ ಕೆಳಗೆ. ಸುಮ್ನೆ ಫೋಟೋ ನೋಡಿದರೆ ಇದು ಗೊತ್ತಾಗುವುದೇ ಇಲ್ಲ, ಅಲ್ವಾ?

ಈಗ 41121. ಇದರ ಕಥೆಗೆ ಜಾಸ್ತಿ ಸಮಯ ಕೊಡಿ. 1932ರಲ್ಲಿ ಇದನ್ನು ಕೊಂಡವರು ಜರ್ಮನಿಯ ವೈದ್ಯ ಜೋಸೆಫ್ ಫುಕ್ಸ್. ಮ್ಯೂನಿಕ್‌ನ ಲುಡ್ವಿಗ್ ವೈನ್‌ಬರ್ಗರ್ ಹತ್ತಿರ ಕಪ್ಪು–ಹಳದಿ ಬಣ್ಣದ ಕ್ಯಾಬ್ರಿಯೋಲೆ (ಮಡಚುವ ಚಾವಣಿಯ) ಬಾಡಿ ಮಾಡಿಸಿದರು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಅವರು ದೇಶ ಬಿಟ್ಟರು. ಕಾರೂ ಅವರ ಜೊತೆ ಶಾಂಘೈಗೆ, ಅಲ್ಲಿಂದ ನ್ಯೂಯಾರ್ಕ್‌ಗೆ ಹೋಯಿತು. ನ್ಯೂಯಾರ್ಕ್‌ನ ಚಳಿಯಲ್ಲಿ ಎಂಜಿನ್ ಒಳಗಿನ ನೀರು ಹೆಪ್ಪುಗಟ್ಟಿ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಲೋಹದ ಒಡಲು, ಬಿರುಕು ಬಿಟ್ಟಿತು. ರೊಯಾಲ್‌ನಲ್ಲಿ ಬ್ಲಾಕ್, ಸಿಲಿಂಡರ್ ಹೆಡ್ ಎರಡೂ ಒಂದೇ ಎರಕ. ವಾಲ್ವ್ ಉಜ್ಜಲೂ ಇಡೀ ಎಂಜಿನ್ ಬಿಚ್ಚಬೇಕು. ಇನ್ನು ಬಿರುಕು ಬಿಟ್ಟ ಬ್ಲಾಕ್ ಎಂದರೆ ಯಾವ ಮೆಕ್ಯಾನಿಕ್ ಕೈ ಹಾಕುತ್ತಾನೆ? ಕಾರು ಗುಜರಿ ಸೇರಿತು.

ಅದನ್ನು 1946ರಲ್ಲಿ ಕೊಂಡವರು ಚಾರ್ಲ್ಸ್ ಚೇನ್. ಆಗ ಅವರು ಬ್ಯೂಕ್ ಕಂಪನಿಯ ಮುಖ್ಯ ಎಂಜಿನಿಯರ್, ಮುಂದೆ ಜನರಲ್ ಮೋಟಾರ್ಸ್ ಉಪಾಧ್ಯಕ್ಷರಾದರು. ಕಾರು ಮತ್ತೆ ಓಡುವಂತೆ ಮಾಡಿದರು. ಆದರೆ ಹಳೆಯ ಹಾಗೆ ಮಾಡಲಿಲ್ಲ. ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ 1 ಇದ್ದ ಕಡೆ 4 ಕೂರಿಸಿದರು. ಕಪ್ಪು–ಹಳದಿ ಹೋಗಿ ಬಿಳಿ ಬಣ್ಣ, ಹಸಿರು ಅಂಚು ಬಂತು. ನಂತರ ಕಾರನ್ನು ಅಮೆರಿಕದ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ದಾನ ಕೊಟ್ಟರು. ಅಲ್ಲಿ ಅದು ಇಂದಿಗೂ ಚೇನ್ ಹಚ್ಚಿದ ಬಿಳಿ ಬಣ್ಣದಲ್ಲೇ ಇದೆ.

ಇದು ಸರಿಯಾದ ರೆಸ್ಟೋರೇಷನ್ನಾ? ಕಟ್ಟುನಿಟ್ಟಿನವರು 1932ರ ರೂಪಕ್ಕೇ ತರಬೇಕು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗುಜರಿಯಿಂದ ಎತ್ತಿದ ಮನುಷ್ಯನ ಕೈಗುರುತೂ ಈ ಕಾರಿನ ಇತಿಹಾಸವೇ. ಮತ್ತೆ ಕಪ್ಪು–ಹಳದಿ ಬಳಿದರೆ ಫುಕ್ಸ್ ಅವರ ಅಧ್ಯಾಯ ಹೊಳೆಯುತ್ತದೆ, ಚೇನ್ ಅಳಿಸಿಹೋಗುತ್ತಾರೆ. ಆದರೆ ಇದೇ ವಾದವನ್ನು ಎಲ್ಲ ಕಾರಿಗೂ ಹಚ್ಚಬೇಡಿ. ಮಾರಾಟಕ್ಕೆಂದು ಯಾರೋ ಹಚ್ಚಿದ ಹೊಳಪಿನ ಬಣ್ಣಕ್ಕೆ ಇಷ್ಟು ಮರ್ಯಾದೆ ಬೇಕಿಲ್ಲ.

ಮುಂದೆ ಯಾವುದಾದರೂ ಹರಾಜಿನ ವಿವರದಲ್ಲಿ "ಒರಿಜಿನಲ್" ಎಂದು ಕಂಡರೆ, ಯಾವುದು ಒರಿಜಿನಲ್ ಎಂದು ಬಿಡಿಬಿಡಿಯಾಗಿ ಕೇಳಿ. 41121ರಲ್ಲಿ ಚಾಸಿ ಹೌದು, ಬಾಡಿ ಹೌದು, ಕಾರ್ಬುರೇಟರ್ ಅಲ್ಲ, ಬಣ್ಣ ಅಲ್ಲ. 41111ರಲ್ಲಿ ಚಾಸಿ ಹೌದು, ಬಾಡಿ ಅಲ್ಲ.